ರೂಢಿ, ಯೋಗ ಮತ್ತು ಒಂದು ಆಟದ ತಂಡದ ಹೆಸರು

ಪದವು ಅರ್ಥವನ್ನು ಬೋಧಿಸುವ ಬಗೆಯನ್ನು ವಿಚಾರಿಸುವಾಗ ನಮ್ಮ ಶಾಸ್ತ್ರಕಾರರು ಯೋಗ, ರೂಢಿ ಎಂಬ ಎರಡು ಮಾರ್ಗಗಳನ್ನು ಹೇಳಿರುವರು. ಪದದ ಅವಯವಗಳಿಂದ ಹೊರಡುವುದು ಯೋಗಾರ್ಥ. ಬಳಕೆಯಿಂದ ನೆಲೆಗೊಂಡದ್ದು ರೂಢ್ಯರ್ಥ. 'ಕುಶಲ'ನೆಂದರೆ ಮೂಲತಃ ದರ್ಭೆಯನ್ನು ಕೊಯ್ದು ತರುವವನು. ಇಂದು ಕುಶಲಕರ್ಮಿಯೆಂದಾಗ ಯಾರಿಗೂ ದರ್ಭೆಯ ನೆನಪಾಗದು. ರೂಢಿಯು ಪ್ರಬಲವಾದೆಡೆ ಯೋಗವು ಹಿಂದೆ ಸರಿಯುತ್ತದೆ. ಪಾಠಶಾಲೆಯ ಈ ಚರ್ಚೆ ಅಮೆರಿಕದ ಕ್ರೀಡಾಂಗಣಗಳಲ್ಲಿ ಹಲವು ದಶಕ ನಡೆದಿದೆಯೆಂದರೆ ವಾಚಕರಿಗೆ ಆಶ್ಚರ್ಯವಾದೀತು.

ಚೆಂಡನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡುವ ಆಟವನ್ನು ಆ ದೇಶದವರು ಫುಟ್‌ಬಾಲ್ ಎನ್ನುವರು. ಅದೂ ರೂಢಿಯ ಮಹಿಮೆಯೇ. ಆ ಆಟದ ತಂಡವೊಂದು ಬಾಸ್ಟನ್ನಿನಲ್ಲಿದ್ದಾಗ, 1933ರಲ್ಲಿ, 'ರೆಡ್‌ಸ್ಕಿನ್ಸ್', ಅಂದರೆ ಕೆಂಪು ಚರ್ಮದವರು, ಎಂಬ ಹೆಸರನ್ನು ತಳೆಯಿತು. 1937ರಲ್ಲಿ ವಾಷಿಂಗ್ಟನ್ನಿಗೆ ಬಂದು 2020ರವರೆಗೂ ಅದೇ ಹೆಸರಿನಿಂದ ಆಡಿತು. ಆ ಖಂಡದ ಮೂಲನಿವಾಸಿಗಳನ್ನು ಹೀನಾಯವಾಗಿ ಕರೆಯಲು ಬಳಕೆಯಾದ ಶಬ್ದವಿದೆಂದು ಇಂಗ್ಲಿಷ್ ನಿಘಂಟುಗಳೇ ಸೂಚಿಸುತ್ತವೆ. ಕ್ಲೀವ್‌ಲ್ಯಾಂಡಿನ ಬೇಸ್‌ಬಾಲ್ ತಂಡವು 1915ರಿಂದ 'ಇಂಡಿಯನ್ಸ್' ಆಗಿತ್ತು; ಹಲ್ಲು ಕಿರಿದ ಕೆಂಪು ಮುಖವೊಂದು ಬಹುಕಾಲ ಅದರ ಲಾಂಛನ. ಆ ಹೆಸರಂತೂ ಕೊಲಂಬಸನು ದಿಕ್ಕು ತಪ್ಪಿ ನಮ್ಮ ಹೆಸರನ್ನು ಅವರ ಮೇಲೆ ಹೊರಿಸಿದ ಫಲ.

ಹೆಸರನ್ನು ಸಮರ್ಥಿಸುವವರ ಪೂರ್ವಪಕ್ಷವನ್ನು ಹಗುರವಾಗಿ ಕಾಣಬಾರದು. ಅವರ ಮಾತು ಇಷ್ಟು: 'ಈ ಶಬ್ದ ನಮಗೆ ನಮ್ಮ ತಂಡವನ್ನಲ್ಲದೆ ಬೇರೇನನ್ನೂ ಬೋಧಿಸದು. ಅಜ್ಜನ ಕೈ ಹಿಡಿದು ಆಟ ನೋಡಲು ಹೋದಾಗ ಕೂಗಿದ ಹೆಸರಿದು. ಇದರಲ್ಲಿ ದ್ವೇಷವೆಲ್ಲಿದೆ?' ಇದು ಶುದ್ಧ ರೂಢಿವಾದ. ಹೇಳುವವರಲ್ಲಿ ಬಹುಮಂದಿ ಪ್ರಾಮಾಣಿಕರೂ ಹೌದು. ಆದರೆ ಹೆಸರು ತಂಡವನ್ನು ಮಾತ್ರ ಸೂಚಿಸುವುದಾದರೆ, ತಲೆಯ ಮೇಲೆ ಗರಿಗಳ ಕಿರೀಟವೇಕೆ? ಮುಖಕ್ಕೆ ಬಣ್ಣವೇಕೆ? ಆಟದ ನಡುವೆ ವೇಷ ಹಾಕಿ ಕುಣಿಯುವುದೇಕೆ? ಯೋಗಾರ್ಥ ಸತ್ತಿದೆಯೆಂದು ವಾದಿಸುವವರೇ ಪ್ರತಿ ಪಂದ್ಯದಲ್ಲೂ ಅದಕ್ಕೆ ಪ್ರಾಣಪ್ರತಿಷ್ಠೆ ಮಾಡುತ್ತಿದ್ದರು. ಇನ್ನೊಂದು ಪರೀಕ್ಷೆಯೂ ಉಂಟು. ಅದೇ ಅಭಿಮಾನಿಗೆ ದಾರಿಯಲ್ಲಿ ಒಬ್ಬ ಮೂಲನಿವಾಸಿ ಎದುರಾದರೆ, ಆತನನ್ನು ಆ ಶಬ್ದದಿಂದ ಮಾತನಾಡಿಸಲು ನಾಲಗೆ ಏಳುವುದೇ? ಏಳದು. ಹಾಗಾದರೆ ಅರ್ಥ ಬದಲಾಗಿಲ್ಲ, ಕೇಳುವವನು ದೂರದಲ್ಲಿದ್ದಾನೆ, ಅಷ್ಟೆ.

ಗೌರವಕ್ಕಾಗಿಯೇ ಇಟ್ಟ ಹೆಸರೆಂಬುದು ಅವರ ಎರಡನೆಯ ವಾದ. ಸದುದ್ದೇಶದಿಂದ ಅನ್ಯರು ಕೊಟ್ಟ ಹೆಸರಿನ ಕಥೆ ನಮಗೂ ಹೊಸದಲ್ಲ. 'ಹರಿಜನ' ಎಂಬುದನ್ನು ಗಾಂಧೀಜಿಯವರು ಆದರದಿಂದಲೇ ಬಳಸಿದರು; ಅಂಬೇಡ್ಕರರು ಒಪ್ಪಲಿಲ್ಲ. ಆದರವು ಸುಳ್ಳಲ್ಲ, ಆದರೆ ಕರೆಸಿಕೊಳ್ಳುವವನ ಒಪ್ಪಿಗೆ ಅದರಲ್ಲಿ ಸೇರಿರಲಿಲ್ಲ. ಈ ಭೇದವನ್ನು ಅಮೆರಿಕದ ಕಾಲೇಜು ಕ್ರೀಡಾಸಂಸ್ಥೆಯೇ 2005ರಲ್ಲಿ ಒಂದು ಮಟ್ಟಿಗೆ ಅಂಗೀಕರಿಸಿತು: ಅಂತಹ ಹೆಸರು, ಲಾಂಛನಗಳನ್ನು ತನ್ನ ಪ್ರಧಾನ ಪಂದ್ಯಗಳಿಂದ ಹೊರಗಿಟ್ಟಿತಾದರೂ, ಫ್ಲಾರಿಡಾ ರಾಜ್ಯ ವಿಶ್ವವಿದ್ಯಾಲಯಕ್ಕೆ 'ಸೆಮಿನೋಲ್ಸ್' ಎಂಬ ಹೆಸರನ್ನು ಉಳಿಸಿಕೊಳ್ಳಲು ಬಿಟ್ಟಿತು. ಅಲ್ಲಿಯ ಸೆಮಿನೋಲ್ ಬುಡಕಟ್ಟು ಅನುಮತಿ ನೀಡಿತ್ತು.

ಹಾಗಿದ್ದರೆ ಎಲ್ಲರನ್ನೂ ಕೇಳಿ ತೀರ್ಮಾನಿಸಬಹುದಲ್ಲವೇ? ಕೇಳಿದ್ದೂ ಆಯಿತು. 2004ರ ಮತ್ತು 2016ರ ಎರಡು ಸಮೀಕ್ಷೆಗಳಲ್ಲಿ ಹತ್ತರಲ್ಲಿ ಒಂಬತ್ತು ಮೂಲನಿವಾಸಿಗಳು ವಾಷಿಂಗ್ಟನ್ ತಂಡದ ಹೆಸರಿನಿಂದ ತಮಗೆ ನೋವಿಲ್ಲವೆಂದರು. ದೂರವಾಣಿಯಲ್ಲಿ ತಾವು ಮೂಲನಿವಾಸಿಗಳೆಂದವರ ಮಾತನ್ನೇ ನಂಬಿದ ಲೆಕ್ಕವಿದೆಂದು ಆಕ್ಷೇಪ ಬಂದಿತು. 2020ರ ಇನ್ನೊಂದು ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಜನ ನೋವಾಗುವುದೆಂದರು. ತಮ್ಮ ಆಚಾರಗಳನ್ನು ಹೆಚ್ಚಾಗಿ ಪಾಲಿಸುವವರಲ್ಲಿ ಈ ಪ್ರಮಾಣ ಇನ್ನೂ ಅಧಿಕ. ಆದರೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಈ ಎಣಿಕೆಗಳಲ್ಲ. ಸ್ಟೆಫನಿ ಫ್ರೈಬರ್ಗ್ ಎಂಬ ಮನಶ್ಶಾಸ್ತ್ರಜ್ಞೆ, ಸಂಗಡಿಗರೊಡನೆ, 2008ರಲ್ಲಿ ಪ್ರಕಟಿಸಿದ ಸಂಶೋಧನೆಯು ಬೇರೊಂದನ್ನು ತೋರಿಸುತ್ತದೆ. ಇಂತಹ ಲಾಂಛನಗಳನ್ನು ನೋಡಿದ ಮೂಲನಿವಾಸಿ ಮಕ್ಕಳ ಮನಸ್ಸಿಗೆ ಬಂದ ಭಾವನೆಗಳು ಬಹುಮಟ್ಟಿಗೆ ಒಳ್ಳೆಯವೇ. ಆದರೂ ಅವನ್ನು ನೋಡಿದ ಬಳಿಕ ಅವರ ಆತ್ಮಗೌರವ ಕುಗ್ಗಿತ್ತು. ಮುಂದೆ ತಾವೇನಾಗಬಹುದೆಂಬ ಕಲ್ಪನೆಯಲ್ಲಿ ಸಾಧನೆಯ ಮಾತು ಕಡಿಮೆಯಾಗಿತ್ತು. ಮೆಚ್ಚಿದವರಿಗೂ ಹಾನಿಯಾಗಬಲ್ಲುದಾದರೆ, ಬಹುಮತದ ಲೆಕ್ಕದಿಂದ ಧರ್ಮನಿರ್ಣಯ ಮಾಡುವುದು ಹೇಗೆ? ಕೊಡಲಿ ಹಿಡಿದ ಯೋಧನೆಂಬ ಒಂದೇ ಕನ್ನಡಿಯನ್ನು ಸದಾ ಎದುರಿಗಿಟ್ಟರೆ, ವೈದ್ಯನೋ ನ್ಯಾಯವಾದಿಯೋ ಆಗಬೇಕಾದ ಬಾಲಕನಿಗೆ ಅದರಲ್ಲಿ ತನ್ನ ಮುಖ ಕಾಣುವುದಾದರೂ ಎಂತು?

ಸಂಕಟದ ಸಂಗತಿಯೆಂದರೆ, ಕೊನೆಗೆ ಹೆಸರು ಬದಲಾದದ್ದು ಇಂತಹ ಯಾವ ವಿಚಾರದಿಂದಲೂ ಅಲ್ಲ. ಸೂಜನ್ ಹಾರ್ಜೋ ಮತ್ತಿತರ ಮೂಲನಿವಾಸಿಗಳು 1992ರಲ್ಲಿ ತಂಡದ ವ್ಯಾಪಾರಮುದ್ರೆಯ ವಿರುದ್ಧ ಆರಂಭಿಸಿದ ವ್ಯಾಜ್ಯ ಕೈಗೂಡಲಿಲ್ಲ. ಹೊಸ ತಲೆಮಾರಿನವರು ಹೂಡಿದ ಎರಡನೆಯ ವ್ಯಾಜ್ಯದಿಂದ 2014ರಲ್ಲಿ ಮುದ್ರೆ ರದ್ದಾಯಿತೇನೋ ನಿಜ. ಆದರೆ 2017ರಲ್ಲಿ, ಬೇರೊಂದು ಮೊಕದ್ದಮೆಯಲ್ಲಿ, ಅವಹೇಳನಕಾರಿ ಮುದ್ರೆಗಳನ್ನು ನಿರಾಕರಿಸುವ ಕಾನೂನೇ ವಾಕ್‌ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪು ತಪ್ಪೆಂದು ನಾವು ಹೇಳಲಾರೆವು. ನಿಂದೆಯನ್ನು ಅಳೆಯುವ ಅಧಿಕಾರ ಸರಕಾರದ ಕೈಗೆ ಹೋದರೆ ಅದು ಎಲ್ಲಿಗೆ ಮುಟ್ಟೀತೆಂಬುದನ್ನು ಬಲ್ಲವರಾರು? ತಂಡದ ಒಡೆಯರು ಹೆಸರನ್ನು ಎಂದಿಗೂ ಬದಲಿಸುವುದಿಲ್ಲವೆಂದು 2013ರಲ್ಲಿಯೇ ಘೋಷಿಸಿದ್ದರು. 2020ರ ಜುಲೈನಲ್ಲಿ, ಕ್ರೀಡಾಂಗಣಕ್ಕೆ ತನ್ನ ಹೆಸರಿಡಲು ಹಣ ತೆತ್ತಿದ್ದ ಫೆಡೆಕ್ಸ್ ಕಂಪನಿಯು ಬಹಿರಂಗವಾಗಿ ಬದಲಾವಣೆ ಕೇಳಿತು. ಎರಡು ವಾರ ಕಳೆಯುವುದರೊಳಗೆ ಹೆಸರು ಹೋಯಿತು. ಹಲವು ದಶಕಗಳ ಮೊರೆ ಮಾಡದುದನ್ನು ವಣಿಕರ ಒಂದು ಮಾತು ಮಾಡಿತು. 2022ರಿಂದ ಅದು 'ಕಮಾಂಡರ್ಸ್'. ಹಣದ ಭಯದಿಂದ ಬಿಟ್ಟದ್ದನ್ನು ತ್ಯಾಗವೆನ್ನಲು ನಮಗೆ ಮನಸ್ಸಿಲ್ಲ. ಬಿಟ್ಟದ್ದಂತೂ ಒಳ್ಳೆಯದೇ. ಆದರೆ ಮನವೊಪ್ಪದೆ ಬಿಟ್ಟದ್ದು ಗಾಳಿ ತಿರುಗಿದೊಡನೆ ಮರಳಿ ಬಂದೀತು. 2025ರ ಜುಲೈನಲ್ಲಿ ರಾಷ್ಟ್ರಾಧ್ಯಕ್ಷ ಟ್ರಂಪರೇ ಹಳೆಯ ಹೆಸರನ್ನು ಮತ್ತೆ ತರಬೇಕೆಂದು ಒತ್ತಾಯಿಸಿದರು.

ಕ್ಯಾನ್ಸಾಸ್ ಸಿಟಿಯ 'ಚೀಫ್ಸ್' ತಂಡದ್ದು ಇನ್ನೂ ವಿಚಿತ್ರ. ಆ ಹೆಸರು 1963ರಲ್ಲಿ ಬಂದದ್ದು ಅಲ್ಲಿಯ ಮಾಜಿ ನಗರಾಧ್ಯಕ್ಷ ಬಾರ್ಟಲ್ ಅವರ ಅಡ್ಡಹೆಸರಿನಿಂದ. 'ಚೀಫ್' ಎಂದರೆ ನಾಯಕ, ಯಾರಿಗೂ ನಿಂದೆಯಲ್ಲ. ಆದರೂ ಬಾಣದ ಮೊನೆ ಲಾಂಛನವಾಯಿತು, ಗರಿಗಳು ಬಂದವು, ಬಣ್ಣ ಬಂದಿತು. 2020ರಲ್ಲಿ ತಂಡವು ಗರಿಯ ಕಿರೀಟವನ್ನೂ ಮೂಲನಿವಾಸಿಗಳನ್ನು ಅನುಕರಿಸುವ ಮುಖದ ಬಣ್ಣವನ್ನೂ ಕ್ರೀಡಾಂಗಣದೊಳಗೆ ನಿಷೇಧಿಸಿತು. ಸಾವಿರಾರು ಕೈಗಳು ಒಟ್ಟಿಗೆ ಕೊಡಲಿ ಬೀಸಿದಂತೆ ಬೀಸುವ ಪದ್ಧತಿ ಮಾತ್ರ ಉಳಿದುಕೊಂಡಿತು.