ಕೊನೆಗೆ ಉಣ್ಣುವವಳು

ತ್ಯಾಗವು ದೊಡ್ಡ ಗುಣವೆಂದು ನಾವು ತರಗತಿಯಲ್ಲಿ ಬೋಧಿಸುತ್ತೇವೆ. 'ಕೆರೆಗೆ ಹಾರ'ದ ಭಾಗೀರಥಿಯ ಕಥೆಯನ್ನು ಹೇಳುವಾಗ ನಮ್ಮ ಕಂಠವೂ ಗದ್ಗದವಾಗುತ್ತದೆ. ಎದುರಿಗೆ ಕುಳಿತ ಹುಡುಗಿ ಬೆಳಿಗ್ಗೆ ಏನನ್ನು ಉಂಡು ಬಂದಳೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಗೋವೆಯ ಕನ್ನಡಿಗರಿಗೆ ವಾಸ್ಕೋದ ಬೈನಾ, ಝುವಾರಿನಗರಗಳ ಇಕ್ಕಟ್ಟಾದ ಮನೆಗಳನ್ನು ವರ್ಣಿಸಬೇಕಾದುದಿಲ್ಲ. ವಿಜಯಪುರ, ಬಾಗಲಕೋಟೆ, ಗದಗಗಳ ಕಡೆಯಿಂದ ಬಂದ ತಂದೆತಾಯಿಗಳು ನಸುಕಿನಲ್ಲಿಯೇ ಕೂಲಿಗೆ ಹೊರಟರೆಂದರೆ ಒಲೆಯೂ ಕೂಸೂ ಹಿರಿಯ ಮಗಳ ಪಾಲು. ಅವಳು ಮೊದಲು ತಮ್ಮನಿಗೆ ಬಡಿಸುವಳು; ಪಾತ್ರೆಯ ತಳದಲ್ಲಿ ಉಳಿದುದು ಅವಳಿಗೆ. ಕಂಡವರು 'ಎಂಥ ಗುಣವಂತೆ!' ಎನ್ನುವರು. ನಾವೂ ಅಂದಿದ್ದೇವೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಗೋವೆಯ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 19 ಮಂದಿಗೆ ಎತ್ತರಕ್ಕೆ ತಕ್ಕ ತೂಕವಿರಲಿಲ್ಲ. ತಲಾ ಆದಾಯದಲ್ಲಿ ದೇಶದ ಮುಂಚೂಣಿಯ ರಾಜ್ಯವಿದು. ಆದರೂ ಇಡೀ ದೇಶದ ಸರಾಸರಿಯೂ ಹೆಚ್ಚುಕಡಿಮೆ ಅಷ್ಟೇ. ಅಂಥ ಮಗುವಿನ ತೋಳಿನ ಸುತ್ತಳತೆ ಹನ್ನೊಂದೂವರೆ ಸೆಂಟಿಮೀಟರಿಗಿಂತ ಇಳಿದರೆ ಸಾಮಾನ್ಯ ಭೇದಿಯೂ ಮೃತ್ಯುವಾಗಬಲ್ಲದು. ಆ ವಯಸ್ಸಿನಲ್ಲಿ ಗಂಡುಹೆಣ್ಣೆಂಬ ಭೇದ ತಕ್ಕಡಿಯಲ್ಲಿ ಅಷ್ಟಾಗಿ ಕಾಣದೆಂಬುದನ್ನೂ ನ್ಯಾಯವಾಗಿ ಹೇಳಬೇಕು. ಅದು ಕಾಣುವುದು ಮುಂದೆ: ಹದಿನೈದರಿಂದ ಹತ್ತೊಂಬತ್ತರ ಪ್ರಾಯದಲ್ಲಿ ದೇಶದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ, ಹುಡುಗರಲ್ಲಿ 31 ಮಂದಿಗೆ ರಕ್ತಹೀನತೆ. ಮಾಸಿಕ ಸ್ರಾವವೂ ಇದಕ್ಕೊಂದು ಕಾರಣ, ನಿಜ. ಹಾಗಿದ್ದರೆ ಅವಳಿಗೆ ಹೆಚ್ಚು ಬಡಿಸಬೇಕಾಗಿತ್ತಲ್ಲವೇ? ಸೊರಗಿದ ತಾಯಿಯ ಕೂಸು ಕಡಿಮೆ ತೂಕದಿಂದಲೇ ಹುಟ್ಟುವ ಸಂಭವ ಹೆಚ್ಚು. ಹುಡುಗಿ ಬಿಟ್ಟುಕೊಟ್ಟ ತುತ್ತಿನ ಲೆಕ್ಕ ಅವಳೊಬ್ಬಳಲ್ಲಿಯೇ ಮುಗಿಯುವುದಿಲ್ಲ.

ದಿನವಿಡೀ ಕಲ್ಲು ಹೊರುವ ತಂದೆಗೆ ಮೊದಲು ಅನ್ನ ಬೇಡವೇ ಎಂದು ಯಾರಾದರೂ ಕೇಳಬಹುದು. ಆ ಮಾತನ್ನು ನಾವು ತಳ್ಳಿಹಾಕಲಾರೆವು. ದುಡಿಯುವವನು ಬಿದ್ದರೆ ಮನೆಯೇ ಬಿದ್ದೀತು. ಆದರೆ ಅದು ಬಡತನದ ನಿರ್ಬಂಧ. ಅದಕ್ಕೆ ತ್ಯಾಗವೆಂಬ ಹೆಸರಿಟ್ಟು ಹೊಗಳುವವರು ನಾವು. ಬೇಡವೆನ್ನುವ ಸ್ವಾತಂತ್ರ್ಯವೇ ಇಲ್ಲದ ಎಳೆಯಳು ಏನನ್ನು ತ್ಯಜಿಸಿಯಾಳು? ಭಾಗೀರಥಿಯನ್ನು ಹಾರಕ್ಕೆಂದು ಗೊತ್ತುಮಾಡಿದವರು ಮನೆಯ ಹಿರಿಯರು. ಅವಳನ್ನು ಯಾರೂ ಕೇಳಲಿಲ್ಲ. ಈ ಮಾತನ್ನು ಪಾಠದಲ್ಲಿ ನಾವು ಬೇಗನೆ ದಾಟಿಬಿಡುತ್ತೇವೆ.

ಒಮ್ಮೆ ಶಾಲೆಯ ಮಧ್ಯಾಹ್ನದ ಪಂಕ್ತಿಯಲ್ಲಿ ಒಬ್ಬ ಬಾಲಕಿ ತನ್ನ ಊಟದ ಅರ್ಧವನ್ನು ಡಬ್ಬಿಗೆ ತುಂಬಿಕೊಳ್ಳುತ್ತಿದ್ದಳು. ತಮ್ಮನಿಗೆಂದಳು. ನಾವು ತಡೆಯಲಿಲ್ಲ, ಹೊಗಳಲೂ ಇಲ್ಲ. ಇನ್ನೊಂದು ಸೌಟು ಬಡಿಸಿ, "ಇದು ನಿನ್ನದು, ಇಲ್ಲಿಯೇ ಉಣ್ಣು" ಎಂದೆವು. ಅವಳು ತಪ್ಪು ಮಾಡುವವಳಂತೆ ಸುತ್ತ ನೋಡಿ, ಆಮೇಲೆ ಉಂಡಳು.