ನೀರಿನಡಿಯ ಗೋಪುರ



ಮೆಟ್ಟೂರು ಜಲಾಶಯದ ನೀರು ತೀರ ಇಳಿದಾಗ ಪಣ್ಣವಾಡಿಯ ಬಳಿ ಹಳೆಯ ಚರ್ಚಿನ ಗೋಪುರ ಕಾಣುತ್ತದೆ. 1934ರಲ್ಲಿ ಅಣೆಕಟ್ಟು ಮುಗಿಯಿತು. ಮುಳುಗಿದ ಊರುಗಳ ಜನ ಬೇರೆ ಕಡೆ ಒಲೆ ಹೂಡಬೇಕಾಯಿತು.

ಇಂದು ಒಡಿಶಾ, ಜಾರ್ಖಂಡ್‌ಗಳಿಂದ ಕೆಲಸಕ್ಕೆ ಬಂದವರು ಭಾನುವಾರ ಪೂಜೆಗೆ ಬಂದು ಬಾಗಿಲ ಬಳಿಯೇ ನಿಲ್ಲುತ್ತಾರೆ. "ಅವರಿಗೆ ಭಾಷೆ ಬರದಲ್ಲ" ಎಂದು ನಾವು ಸುಮ್ಮನಾಗುತ್ತೇವೆ. ತಮಿಳುನಾಡಿನಲ್ಲಿ ಕನ್ನಡದಲ್ಲಿ ಜಪ ಹೇಳುವ ನಾವು ಹೀಗೆನ್ನಬಹುದೇ?

ನಮ್ಮ ಹುಡುಗರಿಗೇ ಕೆಲಸವಿಲ್ಲ ಎಂಬ ಚಿಂತೆ ಸುಳ್ಳಲ್ಲ. ಆದರೆ ಬೆಂಚಿನಲ್ಲಿ ಸರಿದು ಕೂತರೆ ಯಾರ ಕೂಲಿಯೂ ಕಡಿಮೆಯಾಗದು. ಹೆರೋದನಿಂದ ಮಗುವನ್ನು ಉಳಿಸಲು ಈಜಿಪ್ಟಿಗೆ ಓಡಿದ ಜೋಸೆಫರಿಗೆ, ಮರಿಯಮ್ಮನವರಿಗೆ ಅಲ್ಲಿ ಯಾರೋ ಜಾಗ ಕೊಟ್ಟಿರಲೇಬೇಕು.

ಈ ಭಾನುವಾರ ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯೋಣ, ಹೆಸರು ಕೇಳೋಣ.