ಕೊಲ್ಲದವರ ಕೊಲೆ

ಪ್ರಾಣಿಹಿಂಸೆಯು ಪಾಪವೆಂಬುದನ್ನು ನಮ್ಮ ಗೃಹಸ್ಥರಿಗೆ ಹೊಸದಾಗಿ ಬೋಧಿಸಬೇಕಾಗಿಲ್ಲ. ‘ನಾವು ಕೊಲ್ಲುವವರಲ್ಲ, ಕೊಂದುದನ್ನು ತಿನ್ನುವವರೂ ಅಲ್ಲ’ ಎಂಬ ಸಮಾಧಾನವು ನಮಗೆ ಸಹಜವೇ ಆಗಿದೆ. ಆದರೆ ಕೈಯಲ್ಲಿ ಆಯುಧವಿಲ್ಲದ ಮಾತ್ರಕ್ಕೆ ಮನುಷ್ಯನು ಕೊಲೆಗೆ ಹೊರಗಾದನೇ? ಬಳ್ಳಾರಿ ಸೀಮೆಯ ಒಂದು ಹಕ್ಕಿಯು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಎರೆಭೂತವೆಂದು ಅದರ ಹೆಸರು. ಕರ್ನಾಟಕದಲ್ಲಿ ಸಿರುಗುಪ್ಪದ ಎರೆಹೊಲಗಳೇ ಅದಕ್ಕುಳಿದ ಕೊನೆಯ ನೆಲೆ. ಅಲ್ಲಿಯೂ ಬೆರಳೆಣಿಕೆಯಷ್ಟು ಮಾತ್ರ. ಗಂಡು ಹಕ್ಕಿಯು 15 ಕಿಲೋಗ್ರಾಂವರೆಗೂ ತೂಗುವುದುಂಟು. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ, ಅದೂ ಗೂಡಿಲ್ಲದೆ, ಬರಿಯ ನೆಲದ ಮೇಲೆ. ನೇಗಿಲೋ ನಾಯಿಯೋ ಒಮ್ಮೆ ಅಲ್ಲಿ ಹಾಯ್ದರೆ ಆ ಸಂತಾನವು ಮುಗಿದಂತೆಯೇ.

ಹಿಂದೆ ಬೇಟೆಗಾರರು ಅದನ್ನು ಹೊಡೆದುದು ನಿಜ. ಆದರೆ 1972ರ ವನ್ಯಜೀವಿ ಕಾಯಿದೆಯು ಬೇಟೆಯನ್ನು ನಿಷೇಧಿಸಿದ ಮೇಲೆಯೂ ಹಕ್ಕಿಯು ಕ್ಷೀಣಿಸುತ್ತಲೇ ಬಂದಿತು. ಕಾರಣವೇನು? ಮರವಿಲ್ಲದ ಹುಲ್ಲುನೆಲವನ್ನು ನಾವು ಬೀಳು, ಪಾಳು ಎಂದು ಕರೆದೆವು. ಪಾಳೆಂದ ಬಳಿಕ ಅದನ್ನು ಉಳುವುದು, ಅದರಲ್ಲಿ ನೀಲಗಿರಿ ನೆಡುವುದು, ಅದರ ಮೇಲೆ ವಿದ್ಯುತ್ತಂತಿಗಳನ್ನೆಳೆಯುವುದು ಎಲ್ಲವೂ ಪುಣ್ಯಕಾರ್ಯವೇ ಆಯಿತು! ಈ ಭಾರವಾದ ಹಕ್ಕಿಯು ಎದುರಿನ ತಂತಿಯನ್ನು ದೂರದಿಂದ ಕಾಣಲಾರದು. ಕಂಡಾಗ ಥಟ್ಟನೆ ತಿರುಗಲಾರದು.

ಆ ನೆಲವು ಎಂದೂ ಪಾಳಾಗಿರಲಿಲ್ಲ. ಸಂಗನಕಲ್ಲಿನ ಗುಡ್ಡಗಳ ಬಂಡೆಗಳಲ್ಲಿ ನವಶಿಲಾಯುಗದ ಜನರು ಮೂಡಿಸಿದ ಗೂಳಿಗಳಿವೆ. ಕುಡತಿನಿಯಲ್ಲಿ ಅವರ ಕಾಲದ ಸಗಣಿ ಸುಟ್ಟ ಬೂದಿಯ ದಿಬ್ಬವಿದೆ. ಸಾವಿರಾರು ವರ್ಷ ದನಗಳೂ ಮೃಗಗಳೂ ಮೇಯ್ದ ಹುಲ್ಲದು. ಆಫ್ರಿಕಾ ಖಂಡದ ಸೆರೆಂಗೆಟಿ ಬಯಲನ್ನು ಚಿತ್ರಗಳಲ್ಲಿ ಕಂಡು ನಾವು ಬೆರಗಾಗುತ್ತೇವೆ. ನಮ್ಮದೂ ಅದೇ ಜಾತಿಯ ಬಯಲು. ಅಲ್ಲಿಯೂ ಬೇಲಿ ಮತ್ತು ನೇಗಿಲು ಮೃಗಗಳ ದಾರಿಯನ್ನು ಕಟ್ಟುತ್ತಿವೆ. ಇಂಥ ಬಯಲುಗಳಲ್ಲಿ ಓಡಾಡಿದ ಚೀತಾ ಎಂಬ ಮೃಗವು ಭಾರತದಲ್ಲಿ ಅಳಿಯಿತೆಂದು 1952ರಲ್ಲಿ ಸಾರಲಾಯಿತು. 2022ರಲ್ಲಿ ನಮೀಬಿಯಾದಿಂದ 8 ಚೀತಾಗಳನ್ನು ಮಧ್ಯಪ್ರದೇಶದ ಕುನೋಗೆ ತಂದರು. ಎರೆಭೂತವಾದರೋ ಭಾರತ, ಪಾಕಿಸ್ತಾನಗಳ ಹೊರಗೆ ಎಲ್ಲಿಯೂ ಇಲ್ಲ. ಅಳಿದರೆ ಎಲ್ಲಿಂದ ತರುವುದು?

ಹೀಗೆಂದು ರೈತನನ್ನು ದೂರುವುದು ಸುಲಭ, ಅನ್ಯಾಯವೂ ಹೌದು. ತುಂಗಭದ್ರೆಯ ಕಾಲುವೆಗೆ ಮುಂಚಿನ ಬರಗಾಲಗಳನ್ನು ಬಲ್ಲವರು ಭತ್ತದ ಗದ್ದೆಯನ್ನು ಪಾಪವೆನ್ನಲಾರರು. (ಹಾಗೆನ್ನುವ ಪಂಡಿತರೂ ಅನ್ನವನ್ನೇ ಉಣ್ಣುತ್ತಾರಷ್ಟೆ!) ಮಳೆಯಾಧಾರದ ಜೋಳ, ಕಡಲೆಗಳ ಹೊಲದಲ್ಲಿ ಮಿಡತೆಗಳನ್ನು ತಿನ್ನುತ್ತ ಈ ಹಕ್ಕಿಯು ಒಕ್ಕಲಿಗನೊಡನೆಯೇ ಬಾಳಿದೆ. ಅಂಥ ಹೊಲದಲ್ಲಿ ಮೊಟ್ಟೆ ಕಂಡ ರೈತನು ಮರಿಯೆದ್ದು ನಡೆಯುವವರೆಗೆ ಒಂದು ಮೂಲೆಯನ್ನು ಉಳದೆ ಬಿಟ್ಟನೆನ್ನೋಣ. ಆ ನಷ್ಟವನ್ನು ಅವನೊಬ್ಬನೇ ಹೊರಬೇಕೇ? ಅದೇ ತಂತಿಗಳು ತಂದ ಬೆಳಕಿನಲ್ಲಿ ಕುಳಿತು ದಯೆಯ ಮಾತನ್ನೋದುವ ನಾವು, ಅವನಿಗೆ ಕಡಿಮೆಯಾದ ಕಾಳನ್ನು ನಮ್ಮ ಕಣಜದಿಂದ ಅಳೆದುಕೊಡಲು ಸಿದ್ಧರಿದ್ದೇವೆಯೇ?